ಎಮ್ಮೆ ಕೊಟ್ಟವರೇ, ಹೊಲ ಎಲ್ಲೈತಿ?

ನಮ್ಮ ಕೇರಿಗೆ ಜೀಪು ಬಂದಾಗಲೆಲ್ಲಾ ನಮ್ಮ ಆಯಿ ಒಂದೇ ಮಾತು ಕೇಳುತ್ತಾಳೆ: "ಈ ಸಲ ಏನು ತಂದಾರಪಾ?"

ಇದು ಆಸೆಯಿಂದ ಕೇಳುವ ಮಾತಲ್ಲ. ಎಪ್ಪತ್ತು ದಾಟಿದ ಮುದುಕಿ ಜೀಪು ನೋಡಿ ನೋಡಿ ದಣಿದು ಕೇಳುವ ಮಾತು. ಆಕೆಯ ಹರೆಯದಲ್ಲಿ ಗ್ರಾಮಸೇವಕ ಸೈಕಲ್ ಮೇಲೆ ಬಂದ. ಆಮೇಲೆ ಬಿ.ಡಿ.ಓ. ಸಾಹೇಬ ಜೀಪಿನಾಗ ಬಂದ. ಆಮೇಲೆ ಬ್ಯಾಂಕಿನವರು ಬಂದರು. ಆಮೇಲೆ ಸಂಘದ ಪುಸ್ತಕ ಹಿಡಕೊಂಡು ಬಾಯಾರು ಬಂದರು. ಈಗ ಸಂಸ್ಥೆಯವರು ಬರ್ತಾರ, ಮುದುಕಿಯರನ್ನ ಸಾಲಾಗಿ ಕೂಡ್ರಿಸಿ ಮೊಬೈಲಿನಾಗ ಫೋಟೋ ಹೊಡಕೊಂಡು ಹೋಗ್ತಾರ. ಗಾಡಿ ಬದಲಾದವು, ಬೋರ್ಡು ಬದಲಾದವು, ಸಾಹೇಬರು ಬದಲಾದರು. ಕೇರಿ ಊರಿನಿಂದ ಎಷ್ಟು ಹೆಜ್ಜೆ ದೂರ ಇತ್ತೋ ಅಷ್ಟೇ ದೂರ ಐತಿ.

ಮೊನ್ನೆ ಬಂದವರು ನನ್ನ ಕೈಗೂ ಒಂದು ಹಾಳೆ ಕೊಟ್ಟರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಕೂ ತಾಲೂಕುಗಳ 'ಸಮಾಜದಿಂದ ಹೊರಗುಳಿದ ಕುಟುಂಬ'ಗಳನ್ನು ಮೇಲೆತ್ತುವ ಯೋಜನೆ ಅಂತ ಅದರಾಗ ಬರೆದಿತ್ತು. ನಾನು ಕನ್ನಡ ತಗೊಂಡು ಬಿ.ಎ. ಮಾಡಿದವ. ಆ ಡಿಗ್ರಿ ನನಗೆ ನೌಕರಿ ಕೊಡಲಿಲ್ಲ. ಆದರೆ ಒಂದು ಚಟ ಕೊಟ್ಟಿದೆ. ಕ್ರಿಯಾಪದ ಕಂಡಕೂಡಲೇ ಅದರ ಕರ್ತೃ ಎಲ್ಲಿ ಅಡಗಿದ್ದಾನೆ ಅಂತ ಹುಡುಕುವ ಚಟ.

'ಹೊರಗುಳಿದ'! ಎಂಥಾ ಮೆತ್ತನ್ನ ಮಾತು ನೋಡ್ರಿ. ಬಸ್ಸು ತಪ್ಪಿದವ ಊರಲ್ಲಿ ಉಳೀತಾನ. ಪರೀಕ್ಷೆಗೆ ಹೋಗದವ ಹಿಂದೆ ಉಳೀತಾನ. ನಾವು ಯಾವ ಬಸ್ಸು ತಪ್ಪಿಸಿಕೊಂಡು ಹೊರಗೆ ಉಳಿದೆವು? ನಾವು ಹೊರಗೆ ಉಳಿದವರಲ್ಲ. ನಮ್ಮನ್ನು ಹೊರಗೆ ಇಟ್ಟಿದ್ದಾರೆ. ಉಳಿಯುವುದಕ್ಕೆ ಕರ್ತೃ ನಾವೇ, ತಪ್ಪೂ ನಮ್ಮದೇ. ಇಡುವುದಕ್ಕೆ ಬೇರೆ ಕರ್ತೃ ಇದ್ದಾನೆ. ಅವನಿಗೆ ಹೆಸರುಂಟು, ಅಡ್ಡಹೆಸರುಂಟು, ವಾಡೆಯುಂಟು, ಉತಾರದಲ್ಲಿ ಸರ್ವೆ ನಂಬರುಂಟು. ಅಭಿವೃದ್ಧಿಯ ಹಾಳೆಗಳಲ್ಲಿ ಮಾತ್ರ ಅವನು ಇಲ್ಲ. ಐವತ್ತು ಪುಟದ ವರದಿಯಲ್ಲಿ ಹೊರಗಿದ್ದವರ ಹೊಟ್ಟೆ, ಹಲ್ಲು, ರಕ್ತ, ಮಲ ಎಲ್ಲದರ ಲೆಕ್ಕ ಸಿಗುತ್ತದೆ. ಹೊರಗಿಟ್ಟವನ ಒಂದು ಹೆಸರು ಸಿಗೂದಿಲ್ಲ. ರೋಗಿಯ ಲೆಕ್ಕ ಇಟ್ಟು, ವಿಷ ಹಾಕಿದವನ ಜೋಡಿ ಚಹಾ ಕುಡಿಯುವ ಡಾಕ್ಟರಿಕೆ ಇದು!

ಈಗ ಎಮ್ಮೆಯ ಕತೆ ಹೇಳ್ತೀನಿ.

೧೯೮೦ರ ಅಕ್ಟೋಬರ್ ೨ರಿಂದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ, ಅಂದರೆ ಐ.ಆರ್.ಡಿ.ಪಿ., ದೇಶದ ಎಲ್ಲಾ ಬ್ಲಾಕುಗಳಿಗೂ ಬಂತು. ಒಂದಷ್ಟು ಸಬ್ಸಿಡಿ, ಉಳಿದದ್ದು ಸಾಲ, ಅದರಲ್ಲಿ ಎಮ್ಮೆಯೋ ಕುರಿಯೋ ಹೊಲಿಗೆ ಮಶಿನ್ನೋ ಬರುತ್ತಿತ್ತು. ನಮ್ಮ ಆಯಿಗೂ ಒಂದು ಎಮ್ಮೆ ಬಂತು. ಕಿವಿಗೆ ವಿಮೆಯ ಬಿಲ್ಲೆ ಹೊಡೆದಿದ್ದರು. ಕೇರಿಯೆಲ್ಲಾ ಬಂದು ನೋಡಿತಂತೆ. ಆಯಿ ಅದಕ್ಕೆ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿ ಒಳಗೆ ಕರಕೊಂಡಳು. ಮನೆಯಲ್ಲಿ ಮನುಷ್ಯರಿಗೇ ಜಾಗ ಇರಲಿಲ್ಲ. ಆಯಿ ಹೊರಗೆ ಮಲಗಿದಳು, ಎಮ್ಮೆ ಒಳಗೆ ಮಲಗಿತು.

ಎಮ್ಮೆ ಹಾಲು ಕೊಟ್ಟಿತು. ಎಮ್ಮೆಗೆ ಜಾತಿ ಗೊತ್ತಿರಲಿಲ್ಲ ನೋಡ್ರಿ, ಪಾಪ! ಆದರೆ ಹಾಲಿಗೆ ಜಾತಿ ಬಂತು. ಕೇರಿಯ ತಂಬಿಗೆಯಲ್ಲಿ ಬಂದ ಹಾಲನ್ನು ಊರಿನ ಯಾವ ಮನೆಯವರೂ ಕೊಳ್ಳಲಿಲ್ಲ. ಚಹಾದಂಗಡಿಯವ ಸುತ್ತು ಬಳಸಿ ಹೇಳಿದ: "ನನಗೇನೂ ಇಲ್ಲವಾ, ಕುಡಿಯಾವ್ರು ಬಿಟ್ಟು ಹೋಗ್ತಾರ." ಕೇರಿಯಲ್ಲಿ ಕೊಳ್ಳಲು ರೊಕ್ಕ ಇರಲಿಲ್ಲ. ಮೇವಿಗೆ ಹೋದರೆ ಹೊಲ ಇಲ್ಲ. ಗಾಯರಾಣಕ್ಕೆ ಹೊಡೆದರೆ ಅಲ್ಲಿ ಯಾರದೋ ಬೇಲಿ ಎದ್ದಿತ್ತು. ಕಣಿಕೆ ಕೇಳಲು ದೊಡ್ಡ ಮನೆಗೆ ಹೋದರೆ ಕಣಿಕೆಗೆ ಪ್ರತಿಯಾಗಿ ಬಿಟ್ಟಿ ದುಡಿಯಬೇಕು. ಹೀಗೆ ಎಮ್ಮೆಯನ್ನು ಸಾಕಲು ಆಯಿ ಜೀತಕ್ಕೆ ಬಿದ್ದಳು. ಬಡತನದಿಂದ ಮೇಲೆತ್ತಲು ಬಂದ ಎಮ್ಮೆ ಆಕೆಯನ್ನು ಅದೇ ವಾಡೆಯ ಬಾಗಿಲಿಗೆ ಎಳಕೊಂಡು ಹೋಗಿ ಕಟ್ಟಿತು!

ಎರಡನೇ ಬ್ಯಾಸಿಗೆಯಲ್ಲಿ ಎಮ್ಮೆ ಸತ್ತಿತು. ವಿಮೆ ಸಿಗಬೇಕಾದರೆ ಬಿಲ್ಲೆ ಸಮೇತ ಕಿವಿ ಕೊಯ್ದು ತೋರಿಸಬೇಕು ಅಂದರು. ಆಯಿ ಕಿವಿ ಕೊಯ್ದು, ಬಟ್ಟೆಯಲ್ಲಿ ಸುತ್ತಿಕೊಂಡು ಹನ್ನೊಂದು ಮೈಲಿ ನಡೆದು ಹೋದಳು. ಸಾಹೇಬರು ಇರಲಿಲ್ಲ. ಮರುದಿನವೂ ಇರಲಿಲ್ಲ. ಮೂರನೇ ದಿನ ಇದ್ದರು, ಆದರೆ ಕಿವಿ ನಾರುತ್ತದೆ ಅಂತ ಹೊರಗೆ ನಿಲ್ಲಿಸಿದರು. ವಿಮೆ ಬರಲಿಲ್ಲ, ಸಾಲದ ನೋಟೀಸು ಬಂತು. ಯೋಜನೆಯ ಪುಸ್ತಕದಲ್ಲಿ ಮಾತ್ರ ಆಯಿ ಇಂದಿಗೂ 'ಫಲಾನುಭವಿ'. ಫಲ ಅಂದರೆ ಅದೇ ನಾರುವ ಕಿವಿ.

ಗೆಳೆಯರೇ, ಎಮ್ಮೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಲ ಬ್ಯಾಡ, ಮಶಿನ್ ಬ್ಯಾಡ, ಮಾಸಾಶನ ಬ್ಯಾಡ ಅಂತಲೂ ಅಲ್ಲ. ಹಸಿದವನ ಮುಂದೆ ನಿಂತು ರೊಟ್ಟಿ ಸುಧಾರಣಾವಾದ ಅನ್ನುವ ಕ್ರಾಂತಿಕಾರಿ ಹೊಟ್ಟೆ ತುಂಬಿದವನೇ ಆಗಿರುತ್ತಾನೆ. ನಾನು ಕೇಳುವುದು ಇಷ್ಟೇ. ಎಮ್ಮೆ ಕೊಟ್ಟವರಿಗೆ ಆಯಿಯ ಬಡತನ ಕಾಣಿಸಿತು. ಆ ಹಾಲನ್ನು ಮುಟ್ಟದ ಕೈ ಯಾಕೆ ಕಾಣಿಸಲಿಲ್ಲ? ಗಾಯರಾಣಕ್ಕೆ ಬೇಲಿ ಹಾಕಿದ ಕೈ ಯಾಕೆ ಕಾಣಿಸಲಿಲ್ಲ? ಎರಡೂ ಒಂದೇ ಕೈ. ಆ ಕೈಯನ್ನು ಹಿಡಿಯದೆ ಕೊಟ್ಟ ಎಮ್ಮೆ ಬದುಕೂದಿಲ್ಲ.

ಈ ಕುರುಡು ಹಳೆಯದು. 'ಸಮುದಾಯ ಅಭಿವೃದ್ಧಿ' ಎಂಬ ಹೆಸರಿನ ಕಾರ್ಯಕ್ರಮ ಈ ದೇಶದಲ್ಲಿ ಶುರುವಾದದ್ದು ೧೯೫೨ರ ಅಕ್ಟೋಬರ್ ೨ರಂದು, ಗಾಂಧಿ ಹುಟ್ಟಿದ ದಿನ. ಅದಕ್ಕೂ ನಾಕು ವರ್ಷ ಮೊದಲು, ೧೯೪೮ರ ನವೆಂಬರಿನಲ್ಲಿ, ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳಿ ಹಾಡುವವರ ಮುಖಕ್ಕೆ ಹೊಡೆದಂತೆ ಬಾಬಾಸಾಹೇಬರು ಹಳ್ಳಿಯೆಂದರೆ ಏನು ಅಂತ ಹೇಳಿ ಮುಗಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳ್ಳಿ ಒಂದು ಸಮುದಾಯ, ಎಲ್ಲರೂ ಕೂಡಿ ಶ್ರಮದಾನ ಮಾಡಿ ಮುಂದೆ ಬರಬೇಕು ಅಂತ ಯೋಜನೆ ಬರೆದರು. ಐದು ವರ್ಷಕ್ಕೆ, ೧೯೫೭ರಲ್ಲಿ, ಬಲವಂತರಾಯ್ ಮೆಹತಾ ಸಮಿತಿ ಜನ ಇದರಲ್ಲಿ ಪಾಲ್ಗೊಂಡಿಲ್ಲ ಅಂತ ಹೇಳಿ, ಪಂಚಾಯತಿಗಳಿಗೆ ಅಧಿಕಾರ ಕೊಡಿ ಅಂದಿತು. ಅಧಿಕಾರ ಪಂಚಾಯತಿಗೆ ಬಂತು. ಪಂಚಾಯತಿ ಯಾರ ಕಟ್ಟೆಯ ಮೇಲೆ ಕೂಡುತ್ತಿತ್ತು? ಮತ್ತೆ ಅದೇ ವಾಡೆಯ ಕಟ್ಟೆ!

ಸಮುದಾಯ, ಸಮುದಾಯ ಅಂತೀರಲ್ಲ, ಯಾವ ಸಮುದಾಯ? ಒಂದು ಹಳ್ಳಿಯಲ್ಲಿ ಎರಡು ಊರಿವೆ. ಒಂದಕ್ಕೆ ಊರು ಅಂತಾರೆ, ಇನ್ನೊಂದಕ್ಕೆ ಕೇರಿ ಅಂತಾರೆ. ಸಮುದಾಯ ಭವನ ಊರಿನಲ್ಲಿ ಏಳುತ್ತದೆ, ಅದರ ಕಲ್ಲು ಹೊತ್ತದ್ದು ಕೇರಿ. ಗುಡಿಯ ಜೀರ್ಣೋದ್ಧಾರ ಊರಿನಲ್ಲಿ ಆಗುತ್ತದೆ, ಅದಕ್ಕೆ ಹಲಗಿ ಬಾರಿಸಿದ್ದು ಕೇರಿ. ಹೀಗಿರುವಾಗ 'ಸಮುದಾಯದ ಅಭಿವೃದ್ಧಿ' ಅಂದರೆ ತಕ್ಕಡಿಯ ತಟ್ಟೆ ಯಾವ ಕಡೆ ಬಾಗೈತೋ ಅದೇ ತಟ್ಟೆಗೆ ಇನ್ನಷ್ಟು ಕಾಳು ಹಾಕುವುದು.

ನಮ್ಮ ನಾಕು ತಾಲೂಕುಗಳನ್ನೇ ನೋಡ್ರಿ.

ಕಿತ್ತೂರು. ೧೮೨೪ರಲ್ಲಿ ಚೆನ್ನಮ್ಮ ಥ್ಯಾಕರೆಯ ಸೈನ್ಯವನ್ನು ಕೆಡವಿದ ನೆಲ. ವರ್ಷಾ ವರ್ಷಾ ಅಕ್ಟೋಬರಿನಲ್ಲಿ ಉತ್ಸವ, ಮೆರವಣಿಗೆ, ಮಂತ್ರಿಗಳ ಭಾಷಣ. ೨೦೨೪ರಲ್ಲಿ ಇನ್ನೂರು ವರ್ಷದ ಸಂಭ್ರಮವೂ ಆಯಿತು. ಬೈಲಹೊಂಗಲ. ಚೆನ್ನಮ್ಮ ಸೆರೆಯಲ್ಲಿ ಸತ್ತ ಊರು, ಆಕೆಯ ಸಮಾಧಿ ಇರುವ ಊರು. ಪಕ್ಕದ ಸಂಗೊಳ್ಳಿ ರಾಯಣ್ಣನದು. ಕುದುರೆ ಮೇಲಿನ ಪುತ್ಥಳಿಗೆ ಹಾರ ಹಾಕುವವರೇ, ರಾಯಣ್ಣ ಯಾತಕ್ಕೆ ಬಡಿದಾಡಿದ ಅಂತ ಹುಡುಗರಿಗೆ ಹೇಳ್ತೀರೇನು? ಅವನದು ಚಾಕರಿಗೆ ಕೊಟ್ಟ ಇನಾಮು ಭೂಮಿ. ಕಂಪನಿ ಸರಕಾರ ಆ ಭೂಮಿಗೆ ಕೈ ಹಾಕಿತು, ಕಂದಾಯ ಏರಿಸಿತು. ಅವನು ಸರಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ. ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಅದು ಹೊಲದ ಜಗಳ! ಹೊಲ ಕೇಳಿದ ರಾಯಣ್ಣ ಕಲ್ಲಾದರೆ ಹಾರ, ಹೊಲ ಕೇಳುವ ಕೇರಿಯ ಹುಡುಗ ಬಾಯಿ ತೆರೆದರೆ ಕೇಸು.

ರಾಮದುರ್ಗ. ಸಂಸ್ಥಾನ ಹೋಯಿತು, ದರ್ಬಾರು ಹೋಗಲಿಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನೀರು ಯಾರ ಮನೆಗೆ ಮೊದಲು ಹೊಕ್ಕಿತು? ತಗ್ಗಿನಲ್ಲಿದ್ದವರ ಮನೆಗೆ. ತಗ್ಗಿನಲ್ಲಿ ಯಾರಿದ್ದರು? ತಗ್ಗನ್ನು ನಾವು ಆರಿಸಿಕೊಂಡೆವೇನು? ಹೊಳೆಗೂ ಜಾತಿ ಕಲಿಸಿದವರು ಯಾರು? ನೇಕಾರನ ಮಗ್ಗ ಮುಳುಗಿತು, ಕೂಲಿಯವಳ ಚೀಲದ ಜೋಳ ಮೊಳಕೆಯೊಡೆಯಿತು. ಪರಿಹಾರಕ್ಕೆ ಹಕ್ಕುಪತ್ರ ತಾ ಅಂದರು. ಹಕ್ಕೇ ಕೊಡದವರು ಪತ್ರ ಕೇಳಿದರು! ಆಮೇಲೆ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗೋವಾಕ್ಕೆ ಗವಂಡಿ ಕೆಲಸಕ್ಕೆ, ಗಡಿಯಾಚೆ ಕಬ್ಬು ಕಡಿಯಲಿಕ್ಕೆ ಹೋದವು.

ಇನ್ನು ಸವದತ್ತಿ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಡ್ಯಾಮು ೧೯೭೨ರಿಂದ ನೀರು ಹಿಡಿದು ನಿಂತಿದೆ, ಹೆಸರು ರೇಣುಕಾ ಸಾಗರ. ಗುಡ್ಡದ ಮೇಲೆ ಅದೇ ರೇಣುಕೆ ಯಲ್ಲಮ್ಮನಾಗಿ ಕೂತಿದ್ದಾಳೆ. ಸಾಗರದ ನೀರು ಕಾಲುವೆ ಹಿಡಿದು ಹೊಲ ಇದ್ದವರ ಹೊಲಕ್ಕೆ ಹೋಯಿತು. ಗುಡ್ಡದ ಮುತ್ತು ಹೊಲ ಇಲ್ಲದವರ ಹುಡುಗಿಯರ ಕೊರಳಿಗೆ ಬಂತು. ರೇಣುಕೆಯ ಪ್ರಸಾದದಲ್ಲೂ ಎರಡು ಪಂಕ್ತಿ!

ನಮ್ಮ ಆಯಿಗೆ ಅಲ್ಲೇ ಮುತ್ತು ಕಟ್ಟಿದರು. ಆಗ ಆಕೆಗೆ ಒಂಬತ್ತೋ ಹತ್ತೋ ವರ್ಷ. ಮನೆಯಲ್ಲಿ ಜಡ್ಡು, ತಲೆಯಲ್ಲಿ ಜಡೆ, ಮೇಲೆ ಸಾಲ. ಭಾರತ ಹುಣ್ಣಿಮೆಗೆ ಜೋಗುಳಬಾವಿಯಲ್ಲಿ ಮೈ ತೊಳೆದು, ಬೇವು ಉಡಿಸಿ, ಭಂಡಾರ ಹಚ್ಚಿ 'ಉಧೋ ಉಧೋ' ಅಂದರು. ದೇವರಿಗೆ ಬಿಟ್ಟ ಹುಡುಗಿಯನ್ನು ದೇವರು ಬಂದು ಕರಕೊಂಡು ಹೋಗಲಿಲ್ಲ. ಮೈ ನೆರೆದ ಮೇಲೆ ದೊಡ್ಡ ಮನೆಯವ ಬಂದ.

ಕಾಯ್ದೆ ಇರಲಿಲ್ಲ ಅಂತ ತಿಳೀಬ್ಯಾಡ್ರಿ. ನಮ್ಮದು ಮುಂಬಯಿ ಇಲಾಖೆಯ ಜಿಲ್ಲೆ. ಇಲ್ಲಿ ೧೯೩೪ರಲ್ಲೇ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಬಾಬಾಸಾಹೇಬರು ೧೯೩೬ರ ಜೂನಿನಲ್ಲಿ ಮುಂಬಯಿಯ ದಾಮೋದರ ಹಾಲಿನಲ್ಲಿ ಜೋಗತಿ, ಮುರಳಿ ಹೆಂಗಸರನ್ನು ಕರೆದು ಕೂಡ್ರಿಸಿಕೊಂಡು, ಈ ಬಾಳು ಬಿಡ್ರಿ ಅಂತ ನೇರವಾಗಿ ಮಾತಾಡಿದ್ದರು. ಆದರೂ ನಮ್ಮ ಆಯಿಗೆ ಮುತ್ತು ಕಟ್ಟುವಾಗ ಒಬ್ಬ ಪೊಲೀಸನೂ ಗುಡ್ಡ ಹತ್ತಲಿಲ್ಲ. ಆಮೇಲೆ ೧೯೮೨ರಲ್ಲಿ ಕರ್ನಾಟಕದ್ದೇ ಕಾಯ್ದೆ ಬಂತು. ಅದರಲ್ಲಿ ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ ಸಜಾ. ಹೆತ್ತವರೇ ಬಿಟ್ಟಿದ್ದರೆ ಐದು ವರ್ಷದವರೆಗೆ. ಸರಿ, ಹೆತ್ತವರು ತಪ್ಪು ಮಾಡಿದ್ದಾರೆ, ಶಿಕ್ಷೆ ಆಗಲಿ. ಆದರೆ ಮುತ್ತು ಕಟ್ಟಿದ ಮೇಲೆ ರಾತ್ರಿ ಬರುವ ಗಂಡಸು? ಅವನನ್ನು ಆ ಕಾಯ್ದೆಯಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗೂದಿಲ್ಲ. ಮತ್ತೆ ಅದೇ ವ್ಯಾಕರಣ, ಕರ್ತೃ ಇಲ್ಲದ ವಾಕ್ಯ!

ಕಾಯ್ದೆ ಬಂದ ಮೇಲೆ ಗುಡ್ಡದ ಬಯಲಲ್ಲಿ ಆಗುತ್ತಿದ್ದದ್ದು ಮನೆಯ ಮೂಲೆಗೆ, ಸಣ್ಣ ಗುಡಿಗೆ, ರಾತ್ರಿಗೆ ಸರಿಯಿತು. ೧೯೯೩-೯೪ರ ಮತ್ತು ೨೦೦೭-೦೮ರ ಎರಡು ಸರ್ವೆಗಳಲ್ಲಿ ಸರಕಾರವೇ ಒಟ್ಟು ೪೬,೬೬೦ ದೇವದಾಸಿಯರನ್ನು ಎಣಿಸಿತು. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಸರ್ವೆಯ ದಿನ ಕಬ್ಬಿನ ಗದ್ದೆಯಲ್ಲಿದ್ದವಳು, ನಾಚಿಕೆಯಿಂದ ಬಾಯಿ ಬಿಡದವಳು, ಪಟ್ಟಿಯಲ್ಲಿ ಇಲ್ಲದ್ದಕ್ಕೆ ದೇವದಾಸಿಯೇ ಅಲ್ಲ! ಊರು ಆಕೆಯನ್ನು ಹೊರಗಿಟ್ಟಿತು, ಪಟ್ಟಿ ಇನ್ನೊಮ್ಮೆ ಹೊರಗಿಟ್ಟಿತು.

ಈಗ ನಮ್ಮ ಅವ್ವನ ಮಾತು ಬರೀತೀನಿ. ಬರೆಯಲಾ ಬ್ಯಾಡವಾ ಅಂತ ಬಹಳ ದಿನ ಒದ್ದಾಡಿದೆ. ಅವ್ವನೇ ಅಂದಳು: "ಬರಿ ತಮ್ಮಾ, ನಾಚಿಕಿ ಮಾಡಿದವರಿಗೆ ಆಗಲಿ."

ಅವ್ವ ಐದನೇ ಇಯತ್ತೆಯಲ್ಲಿದ್ದಾಗ ಯಾವುದೋ ಫಾರಂ ತುಂಬಬೇಕಾಯಿತು. ಮಾಸ್ತರರು ಎಲ್ಲರ ಮುಂದೆ ಎಬ್ಬಿಸಿ ಕೇಳಿದರು: "ನಿಮ್ಮಪ್ಪನ ಹೆಸರೇನವಾ?" ಅವ್ವ ಸುಮ್ಮನೆ ನಿಂತಳು. ಹಿಂದಿನಿಂದ ಯಾರೋ ನಕ್ಕರು. ಆಮೇಲೆ ವರ್ಗವೆಲ್ಲಾ ನಕ್ಕಿತು. ನಕ್ಕವರ ಪೈಕಿ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ, ದೊಡ್ಡ ಮನೆಯ ಹುಡುಗ. ಅವನಿಗೂ ನಮ್ಮ ಅವ್ವನಿಗೂ ಒಂದೇ ಮೂಗು, ಒಂದೇ ಹುಬ್ಬು. ಮಾಸ್ತರರಿಗೆ ಗೊತ್ತಿತ್ತು, ಊರಿಗೆಲ್ಲಾ ಗೊತ್ತಿತ್ತು. ಅವ್ವ ಮರುದಿನದಿಂದ ಸಾಲಿಗೆ ಹೋಗಲಿಲ್ಲ.

ಆ ಹುಡುಗ ಈಗ ಊರಿನ ದೊಡ್ಡ ಮನುಷ್ಯ. ಉತಾರದಲ್ಲಿ ಅವನ ಹೆಸರಿಗೆ ಕರಿಮಣ್ಣಿನ ಹೊಲ ಇದೆ, ಕಾಲುವೆಯ ನೀರಿದೆ. ಅದೇ ಹೊಲದಲ್ಲಿ ಅವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳೆ. ತನ್ನ ಅಪ್ಪನ ಹೊಲದಲ್ಲಿ ಕೂಲಿ! ಸಂಸ್ಥೆಯ ಹಾಳೆಯಲ್ಲಿ ಆಕೆ 'ಭೂರಹಿತ ಕುಟುಂಬ'. ಭೂಮಿ ಇಲ್ಲದ್ದು ಆಕೆಯ ಗುಣವೇನು, ಕಣ್ಣು ಕರಿ ಇದ್ದಂತೆ, ಕೂದಲು ಗುಂಗುರು ಇದ್ದಂತೆ? ರಹಿತ ಅಲ್ಲ ಸ್ವಾಮಿ, ವಂಚಿತ. ನಿಮ್ಮ ಎಮ್ಮೆ, ನಿಮ್ಮ ಮಶಿನ್ನು, ನಿಮ್ಮ ಉಪ್ಪಿನಕಾಯಿ ತರಬೇತಿ ಎಲ್ಲಾ ಇರಲಿ. ನಮ್ಮ ಅವ್ವನ ಪಾಲಿನ ಹೊಲ ಎಲ್ಲೈತಿ? ಅದನ್ನ ಕೇಳ್ರಿ!

ಕೇಳಲು ಈಗ ಒಂದು ಬಾಗಿಲು ತೆರೆದಿದೆ. ೨೦೨೫ರ ಆಗಸ್ಟಿನಲ್ಲಿ ನಮ್ಮ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಪಾಸು ಮಾಡಿತು. ತಂದೆಯ ಹೆಸರು ಹೇಳು ಅಂತ ಮಕ್ಕಳನ್ನು ಒತ್ತಾಯಿಸುವ ಹಾಗಿಲ್ಲ. ತಂದೆ ಯಾರೆಂದು ತೋರಿಸಿ ಹಕ್ಕು ಕೇಳಲು ದಾರಿಯೂ ಅದರಲ್ಲಿದೆ. ಇದು ಯಾವ ಮಂತ್ರಿಯ ಕರುಣೆಯಿಂದಲೂ ಬಂದದ್ದಲ್ಲ. ದೇವದಾಸಿ ತಾಯಂದಿರು, ಅವರ ಮಕ್ಕಳು ವರ್ಷಗಟ್ಟಲೆ ಬೀದಿಗಿಳಿದು ಕೇಳಿ ಪಡೆದದ್ದು. ಆದರೆ ನೆನಪಿಡ್ರಿ, ೧೯೩೪ರದೂ ಕಾಯ್ದೆಯೇ, ೧೯೮೨ರದೂ ಕಾಯ್ದೆಯೇ. ಕಾಗದದ ಬಾಗಿಲು ತಾನಾಗಿ ತೆರೆಯೂದಿಲ್ಲ. ಒದೆಯುವ ಕಾಲು ಬೇಕು.

ಸಂಸ್ಥೆಗಳೆಲ್ಲಾ ಕಳ್ಳ ಸಂಸ್ಥೆಗಳು ಅಂತ ಬರೆದು ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾನು ಹಾಗೆ ಬರೆಯೂದಿಲ್ಲ, ಯಾಕಂದ್ರ ಅದು ಸುಳ್ಳು. ೧೯೯೦ರ ದಶಕದ ಆರಂಭದಲ್ಲಿ ಮೈರಾಡ ಸಂಸ್ಥೆ ಈ ಜಿಲ್ಲೆಯ ದೇವದಾಸಿಯರ ನಡುವೆ ಕೆಲಸಕ್ಕೆ ಇಳಿಯಿತು. ಅಲ್ಲಿಂದ ಹೊರಬಂದ ಹೆಂಗಸರೇ ೧೯೯೭ರಲ್ಲಿ ಘಟಪ್ರಭಾದಲ್ಲಿ ತಮ್ಮದೇ ಸಂಘ ಕಟ್ಟಿದರು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಎಲ್ಲರೂ 'ಮಾಸ್' ಅಂತಾರಲ್ಲ, ಅದು. ನಡೆಸಿದವರು ಮಾಜಿ ದೇವದಾಸಿಯರೇ. ಏಳು ವರ್ಷದವಳಿದ್ದಾಗ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿದರು. ೨೦೧೮ರಲ್ಲಿ ದಿಲ್ಲಿ ಸರಕಾರ ಪದ್ಮಶ್ರೀ ಕೊಡಬೇಕಾಯಿತು. ಅಥಣಿಯಲ್ಲಿ ವಕೀಲ ಬಿ.ಎಲ್. ಪಾಟೀಲರ ವಿಮೋಚನಾ ಸಂಘ ದೇವದಾಸಿಯರ ಮಕ್ಕಳಿಗಾಗಿ ವಸತಿ ಶಾಲೆ ಕಟ್ಟಿತು. ಈ ಕೆಲಸಕ್ಕೆ ನನ್ನ ತಲೆ ಬಾಗುತ್ತದೆ.

ಅವರ ಕೆಲಸಕ್ಕೂ ಜೀಪಿನವರ ಕೆಲಸಕ್ಕೂ ಏನು ಫರಕು? ಜೀಪಿನವರು ಏನು ಕೊಡಬೇಕು ಅಂತ ಮೊದಲೇ ತುಂಬಿಕೊಂಡು ಬರುತ್ತಾರೆ. ಈ ಹೆಂಗಸರು ಕೂತು ಮೊದಲು ಮಾತಾಡಿದರು, ಆಮೇಲೆ ಸಾಲದ ಪುಸ್ತಕ ತೆರೆದರು. ಹುಣ್ಣಿಮೆಗೆ ಮೊದಲು ಯಾವ ಮನೆಯಲ್ಲಿ ಮುತ್ತಿನ ಮಾತು ನಡೆದಿದೆ ಅಂತ ಪತ್ತೆ ಹಚ್ಚಿದರು. ತಾಯಿಯ ಕಾಲಿಗೆ ಬಿದ್ದರು, ಕೇಳದಿದ್ದರೆ ಪೊಲೀಸರಿಗೆ ಹೇಳಿದರು. ಗಂಡಸು ರಾತ್ರಿ ಬಾಗಿಲು ಬಡಿದರೆ ಹತ್ತು ಮಂದಿ ಹೆಂಗಸರು ಹೊರಗೆ ಬಂದು ನಿಂತರು. ಕರ್ತೃವಿನ ಹೆಸರು ಹಿಡಿದು ಕೂಗಿದರು! ಅದಕ್ಕೇ ಅದು ಅಭಿವೃದ್ಧಿ. ಕೊಟ್ಟದ್ದನ್ನು ಎಣಿಸುವ ಕೆಲಸ ಬೇರೆ, ಕಿತ್ತುಕೊಂಡದ್ದನ್ನು ಕೇಳುವ ಕೆಲಸ ಬೇರೆ.

ರೊಕ್ಕ ಇಲ್ಲ ಅಂತ ಮಾತ್ರ ಯಾರೂ ಹೇಳಬ್ಯಾಡ್ರಿ. ೨೦೧೩ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಕರ್ನಾಟಕ ಕಾಯ್ದೆ ಮಾಡಿತು. ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ನಮಗೇ ಇಡಬೇಕು ಅಂತ. ಅದೇ ಕಾಯ್ದೆಯ ೭-ಡಿ ಎಂಬ ಕಿಂಡಿಯಿಂದ ರಸ್ತೆಗೆ, ಸೇತುವೆಗೆ, ಕಾಲುವೆಗೆ ನಮ್ಮ ಪಾಲು ಹರಿದು ಹೋಯಿತು. ರಸ್ತೆಯ ಮೇಲೆ ದಲಿತರೂ ನಡೀತಾರಲ್ಲ ಅಂತ ಲೆಕ್ಕ! ಕೂಗಿ ಕೂಗಿ ೨೦೨೩ರಲ್ಲಿ ಆ ಕಿಂಡಿ ಮುಚ್ಚಿತು. ಅದೇ ೨೦೨೩-೨೪ರಲ್ಲಿ ಈ ನಿಧಿಯಿಂದ ೧೧ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಗ್ಯಾರಂಟಿ ಯೋಜನೆಗಳಿಗೆ ಹೋಯಿತು. ಗ್ಯಾರಂಟಿಯ ಅಕ್ಕಿ ನಮ್ಮ ಮನೆಯಲ್ಲೂ ಬೇಯುತ್ತದೆ, ಇಲ್ಲ ಅನ್ನೂದಿಲ್ಲ. ಆದರೆ ಎಲ್ಲರಿಗೂ ಕೊಡುವುದನ್ನು ಎಲ್ಲರ ಗಂಟಿನಿಂದ ಕೊಡ್ರಿ. ಹೊಲಕ್ಕೆ, ಹಾಸ್ಟೆಲ್ಲಿಗೆ ಇಟ್ಟ ನಮ್ಮ ಗಂಟು ಬಿಚ್ಚಿ ನಮಗೇ ಊಟ ಹಾಕಿ ಉಪಕಾರ ಅನ್ನಬ್ಯಾಡ್ರಿ.

ಇಷ್ಟು ಹೊತ್ತು ಬ್ಯಾರೇರನ್ನ ಬೈದದ್ದಾಯಿತು. ಈಗ ನಮ್ಮ ಸರದಿ.

ಹಾಸ್ಟೆಲ್ಲಿನ ಗೆಳೆಯರೇ, ನಾವು ಮಲಗುವ ಈ ಹಾಸ್ಟೆಲ್ಲು ಎಲ್ಲಿಂದ ಬಂತು? ಬಾಬಾಸಾಹೇಬರು ೧೯೨೪ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಆ ಸಭೆ ಮೊದಮೊದಲು ಕೈಗೆತ್ತಿಕೊಂಡ ಕೆಲಸ ೧೯೨೫ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ತೆರೆದ ಒಂದು ಹಾಸ್ಟೆಲ್ಲು. ಸಂಘದ ಹೆಸರನ್ನು ನೋಡ್ರಿ, 'ಬಹಿಷ್ಕೃತ'. ಹೊರಗುಳಿದವರಲ್ಲ, ಬಹಿಷ್ಕಾರಕ್ಕೆ ಒಳಗಾದವರು! ಅಂಥ ಹಾಸ್ಟೆಲ್ಲಿನಲ್ಲಿ ಇವತ್ತು ಹೊತ್ತಿಗೆ ಹತ್ತು ಸಲ ಕೇಳುವ ಬೈಗುಳ ಯಾವುದು? ಬರೆಯಬೇಕಾಗಿಲ್ಲ, ನಿಮಗೆ ಗೊತ್ತು. ತಾಯಿಯ ಮೇಲಿನ ಆ ಬೈಗುಳ ಹುಟ್ಟಿದ್ದು ನಮ್ಮ ಆಯಿ ಅವ್ವಂದಿರ ಮೈಮೇಲೆ. ನೀಲಿ ಶಾಲು ಹೊದ್ದ ಬಾಯಲ್ಲಿ ಅದು ಬಂದಾಗ ದೊಡ್ಡ ಮನೆಯವ ನಮ್ಮ ನಾಲಿಗೆಯ ಮೇಲೆ ಕೂತು ಮಾತಾಡುತ್ತಾನೆ.

ಇನ್ನೊಂದು. ವೇದಿಕೆ ಹತ್ತಿ ದೇವದಾಸಿ ಪದ್ಧತಿಗೆ ಧಿಕ್ಕಾರ ಹಾಕುವ ನಮ್ಮ ಹುಡುಗರೇ ಹೆಣ್ಣು ನೋಡಲು ಹೋದಾಗ "ಅವರ ಮನಿಯಾಗ ಜೋಗತಿ ಅದಾಳಂತ, ಬ್ಯಾಡ" ಅಂತ ಎದ್ದು ಬರುತ್ತಾರೆ. ಚಲವಾದಿ ಮಾದರ ಮನೆಗೆ ಹೆಣ್ಣು ಕೊಡೂದಿಲ್ಲ, ಮಾದರು ಸಮಗಾರರಿಗೆ ಕೊಡೂದಿಲ್ಲ. ಕೇರಿಯೊಳಗೊಂದು ಕೇರಿ! ೧೯೮೬ರ ಮಾರ್ಚಿನಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ನಮ್ಮ ಸಂಘಟನೆಯ ಅಣ್ಣ ಅಕ್ಕಂದಿರು ಹೊಡೆತ ತಿಂದರು, ಬಟ್ಟೆ ಹರಿಸಿಕೊಂಡರು. ಅವರು ತಿಂದ ಹೊಡೆತದ ಬಡ್ಡಿಯಲ್ಲಿ ನಾವು ಎಷ್ಟು ದಿನ ಭಾಷಣ ಮಾಡುತ್ತಾ ಬದುಕಬೇಕು?

ಹಂಗಾದ್ರ ಏನು ಮಾಡೂಣು? ಕವಿತೆ ಬರೆದು ಕೂಡ್ರೂದು ಸಾಲೂದಿಲ್ಲ. ನನಗೆ ನಾನೇ ಹೇಳಿಕೊಳ್ಳುವ ಮಾತು ಅದು. ರಜೆಗೆ ಊರಿಗೆ ಹೋದಾಗ ಮಾಡಬಹುದಾದ ಕೆಲಸ ಹೇಳ್ತೀನಿ.

ಒಂದು: ನಿಮ್ಮ ಕೇರಿಯಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದ ತಾಯಂದಿರು ಎಷ್ಟು ಮಂದಿ ಅಂತ ಕೂತು ಬರಕೊಳ್ರಿ. ಗಟ್ಟಿ ದನಿಯಲ್ಲಿ ಕೇಳಬ್ಯಾಡ್ರಿ, ಅಕ್ಕತಂಗಿಯರನ್ನ ಕರಕೊಂಡು ಹೋಗ್ರಿ, ಅವರು ಕೇಳಲಿ.

ಎರಡು: ಉತಾರ ತೆಗೆಸ್ರಿ. ಗಾಯರಾಣ ಎಷ್ಟಿತ್ತು, ಈಗ ಎಷ್ಟಿದೆ, ಬೇಲಿ ಯಾರದು? ಸರಕಾರ ನಮ್ಮ ಹಿರಿಯರಿಗೆ ಮಂಜೂರು ಮಾಡಿದ ಹೊಲ ಸೆರೆಗೆ, ಸಾಲಕ್ಕೆ, ಹೆಬ್ಬೆಟ್ಟಿಗೆ ಯಾರ ಪಾಲಾಯಿತು? ೧೯೭೮ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಅದನ್ನು ವಾಪಸು ಕೇಳಬಹುದು. ತಡವಾಯಿತು ಅಂತ ಅರ್ಜಿ ತಳ್ಳುತ್ತಿದ್ದರು. ೨೦೨೩ರ ತಿದ್ದುಪಡಿ ಕಾಲಮಿತಿಯ ಆ ನೆಪವನ್ನು ತೆಗೆಯಲೆಂದೇ ಬಂತು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ, ಅವರ ಕಚೇರಿ ಇರುವುದು ಬೈಲಹೊಂಗಲದಲ್ಲೇ. ನಾಕೂ ತಾಲೂಕಿನ ಹುಡುಗರು ಒಂದೇ ದಿನ, ಒಂದೇ ಬಾಗಿಲಿಗೆ, ಕೈಯಲ್ಲಿ ಉತಾರ ಹಿಡಕೊಂಡು ಹೋದರೆ ಹೆಂಗಿರತೈತಿ?

ಮೂರು: ತಂದೆಯ ಹೆಸರಿಗಾಗಿ ಯಾವ ಮಗುವಿನ ಫಾರಂ ಎಲ್ಲಿ ನಿಂತರೂ ಅಲ್ಲಿ ಹೋಗಿ ನಿಲ್ರಿ. ತಾಯಿಯ ಹೆಸರು ಸಾಕು ಅಂತ ಬರೆಸಿಯೇ ಹೊರಗೆ ಬರ್ರಿ. ನಮ್ಮ ಅವ್ವನಂಗ ಇನ್ನೊಂದು ಹುಡುಗಿ ಸಾಲಿ ಬಿಡಬಾರದು.

ನಾಕು: ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗ್ರಿ. ಭಂಡಾರ ಹಚ್ಚಿಕೊಂಡ ಮುದುಕಿಯನ್ನ ಮೂಢಿ ಅಂತ ಬೈಯಲಿಕ್ಕಲ್ಲ. ಆಕೆಯ ಚೀಲ ಹೊತ್ತು ಗುಡ್ಡ ಹತ್ತಿ, ಮೊಮ್ಮಗಳ ಕೊರಳಿಗೆ ಮುತ್ತು ಬೀಳದಂತೆ ಕಾಯಲಿಕ್ಕೆ.

ಐದು: ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳ್ರಿ, ಉಪಯೋಜನೆಯ ರೊಕ್ಕ ನಮ್ಮ ಕೇರಿಗೆ ಎಷ್ಟು ಬಂತು, ಯಾವುದಕ್ಕೆ ಹೋಯಿತು? ಉತ್ತರ ಬರೂ ತನಕ ಕೂಡಬ್ಯಾಡ್ರಿ.

ಇದೆಲ್ಲಾ ಸಣ್ಣ ಕೆಲಸ ಅನ್ನಿಸಬಹುದು. ದೊಡ್ಡ ಮನೆಯವನಿಗೆ ನಮ್ಮ ಧಿಕ್ಕಾರದಿಂದ ನಿದ್ದೆ ಕೆಡೂದಿಲ್ಲ. ನಮ್ಮ ಕೈಯಾಗ ಉತಾರ ಕಂಡರೆ ಕೆಡತೈತಿ.

ಮೊನ್ನೆ ಜೀಪಿನವರು ಹೋದ ಮೇಲೆ ಆಯಿ ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಏನು ಬರೆದಾರ ಓದು ಅಂದಳು. ಓದಿದೆ. 'ಹೊರಗುಳಿದ' ಎಂಬಲ್ಲಿ ನಾನು ನಿಂತೆ. ಪೆನ್ನು ತೆಗೆದು ಆ ಪದ ಹೊಡೆದು ಹಾಕಿ ಮೇಲೆ 'ಹೊರಗಿಟ್ಟ' ಅಂತ ಬರೆದು ಮತ್ತೆ ಓದಿದೆ. ಅಕ್ಷರ ಬಾರದ ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹೌದಲ್ಲ. ಇಟ್ಟವರು ಯಾರಂತ ಬರದಿಲ್ಲೇನು?"

ಬರೀತೀವಿ ಆಯಿ. ಹೆಸರು, ಅಡ್ಡಹೆಸರು, ಸರ್ವೆ ನಂಬರು ಸಮೇತ ಬರೀತೀವಿ.

ಜೈ ಭೀಮ್!